ಫೋನಿನ ದುಡ್ಡು ನಿಂತ ದಿನ ರೈತ ಏನು ಮಾಡಬೇಕು?

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಲೆಯ ಬಗ್ಗೆ ನಾವು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇವೆ. ಇವತ್ತು ಬೆಲೆ ಸಿಕ್ಕಿದ ಮೇಲೆ ಆ ದುಡ್ಡು ನಿಮ್ಮ ಕೈಗೆ ಬರುವ ದಾರಿಯ ಬಗ್ಗೆ ಮಾತಾಡೋಣ. ಇದೂ ಬೆಲೆಯ ಪ್ರಶ್ನೆಯೇ. ಕ್ವಿಂಟಾಲಿಗೆ ಇಷ್ಟು ಬೇಕು ಅಂತ ಹೋರಾಡಿ ಪಡೆದ ಹಣ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡರೆ, ಸಾಲದ ವಾಯಿದೆಯ ದಿನ ಅದು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಆ ಬೆಲೆಯಿಂದ ನಿಮಗೇನು ಬಂತು?

ಹತ್ತು ವರ್ಷದ ಹಿಂದೆ ನಮ್ಮ ಹಳ್ಳಿಗಳಲ್ಲಿ ಫೋನಿನಲ್ಲಿ ದುಡ್ಡು ಕಳಿಸುವ ಮಾತೇ ಇರಲಿಲ್ಲ. 2016ರ ಏಪ್ರಿಲ್‌ನಲ್ಲಿ ಯುಪಿಐ ಅನ್ನುವ ವ್ಯವಸ್ಥೆ ಶುರುವಾಯಿತು. ಅದೇ ವರ್ಷ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟು ರದ್ದಾದವು. ಕೈಯಲ್ಲಿದ್ದ ನೋಟು ಕಾಗದವಾಯಿತು, ಜನ ಫೋನು ಹಿಡಿದರು. ಈಗ ಗೊಬ್ಬರದ ಅಂಗಡಿ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ, ಸಂತೆಯ ತರಕಾರಿ, ಎಲ್ಲ ಫೋನಿನಲ್ಲೇ. ಅನುಕೂಲ ಇದೆ, ಇಲ್ಲ ಅನ್ನುವುದಿಲ್ಲ. ಹತ್ತು ರೂಪಾಯಿ ಕಳಿಸಲು ಪೇಟೆಗೆ ಬಸ್ಸು ಹತ್ತಬೇಕಾಗಿಲ್ಲ. ಆದರೆ ಒಂದು ದಿನ ಅದು ನಿಲ್ಲುತ್ತದೆ. ಅಂಗಡಿಯವನು ಗೊಬ್ಬರದ ಚೀಲ ಹೊರಗೆ ಇಟ್ಟಿದ್ದಾನೆ, ಮಳೆ ಬಿದ್ದಿದೆ, ಬಿತ್ತನೆ ಕಾದಿದೆ, ಫೋನು ಗಿರಗಿರ ಸುತ್ತುತ್ತಿದೆ. "ಸರ್ವರ್ ಡೌನ್ ಸ್ವಾಮಿ" ಅಂತ ಒಂದು ಮಾತು ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಸರ್ವರ್ ಅನ್ನುವುದು ಯಾರು? ಅವನ ಮನೆ ಎಲ್ಲಿ? ಅವನನ್ನು ಕೇಳುವುದು ಹೇಗೆ? ಇವತ್ತು ಇದನ್ನೇ ತಿಳಿಯೋಣ.

ದುಡ್ಡು ಹೋಗುವ ದಾರಿ

ಮೊದಲನೆಯ ಮಾತು: ನಿಮ್ಮ ದುಡ್ಡು ಫೋನಿನಲ್ಲಿ ಇಲ್ಲ. ಫೋನ್‌ಪೇ, ಗೂಗಲ್ ಪೇ, ಭೀಮ್ ಇವು ಬ್ಯಾಂಕುಗಳಲ್ಲ. ಬ್ಯಾಂಕಿಗೆ ನಿಮ್ಮ ಚೀಟಿ ಒಯ್ಯುವ ಆಳುಗಳು ಅನ್ನಿ. ದುಡ್ಡು ಇರುವುದು ನಿಮ್ಮ ಬ್ಯಾಂಕಿನ ಖಾತೆಯಲ್ಲಿ. ನೀವು ಫೋನಿನಲ್ಲಿ ಗುಪ್ತ ಸಂಖ್ಯೆ ಒತ್ತಿದಾಗ ಆ ಚೀಟಿ ಮೊದಲು ಆಪ್ ಕಂಪನಿಗೆ, ಅಲ್ಲಿಂದ ಆ ಕಂಪನಿ ಜೊತೆ ಮಾಡಿಕೊಂಡ ಒಂದು ಬ್ಯಾಂಕಿಗೆ, ಅಲ್ಲಿಂದ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಅನ್ನುವ ನಡುಮನೆಗೆ ಹೋಗುತ್ತದೆ. ಈ ನಡುಮನೆ 2008ರಲ್ಲಿ ಸ್ಥಾಪನೆಯಾದದ್ದು. ಅದು ನಿಮ್ಮ ಬ್ಯಾಂಕನ್ನು ಕೇಳುತ್ತದೆ: ಇವನ ಖಾತೆಯಲ್ಲಿ ಹಣ ಇದೆಯೆ? ಇದ್ದರೆ ಕಳೆ. ಆಮೇಲೆ ಅಂಗಡಿಯವನ ಬ್ಯಾಂಕಿಗೆ ಹೇಳುತ್ತದೆ: ಅವನ ಖಾತೆಗೆ ಕೂಡಿಸು. ಇಷ್ಟೆಲ್ಲ ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ನಿಮ್ಮ ದುಡ್ಡು ನಿಲ್ಲುತ್ತದೆ.

ಒಂದೊಂದು ಕೊಂಡಿಯೂ ಕಳಚಿದ್ದನ್ನು ನಾವು ನೋಡಿದ್ದೇವೆ. 2020ರ ಮಾರ್ಚ್ 5ರಂದು ರಿಸರ್ವ್ ಬ್ಯಾಂಕು ಯೆಸ್ ಬ್ಯಾಂಕಿನ ವಹಿವಾಟಿಗೆ ತಡೆ ಹಾಕಿತು. ಫೋನ್‌ಪೇ ಕಂಪನಿ ಆ ಬ್ಯಾಂಕನ್ನೇ ನೆಚ್ಚಿಕೊಂಡಿತ್ತು. ಯೆಸ್ ಬ್ಯಾಂಕಿನಲ್ಲಿ ಖಾತೆಯೇ ಇಲ್ಲದವರ ಫೋನ್‌ಪೇ ಕೂಡ ನಿಂತಿತು. ಬೇರೊಂದು ಬ್ಯಾಂಕಿನ ಜೊತೆ ಕೂಡಿಕೊಂಡ ಮೇಲೆ ಅದು ಮತ್ತೆ ನಡೆಯಿತು. ಇದು ಆಪಿನ ಜೊತೆಗಾರ ಬ್ಯಾಂಕಿನ ಕೊಂಡಿ.

2024ರ ಜುಲೈ 31ರಂದು ಇನ್ನೊಂದು ಕೊಂಡಿ ಕಳಚಿತು, ಇದು ನಮಗೆ ಹತ್ತಿರದ್ದು. ಸಣ್ಣ ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಕಂಪ್ಯೂಟರ್ ವ್ಯವಸ್ಥೆ ಒದಗಿಸುವ ಸಿ-ಎಡ್ಜ್ ಅನ್ನುವ ಕಂಪನಿಯ ಮೇಲೆ ಕಂಪ್ಯೂಟರ್ ಡಕಾಯಿತರ ದಾಳಿ ಆಯಿತು. ರೋಗ ಹರಡದಿರಲಿ ಅಂತ ನಡುಮನೆಯವರು ಆ ಕಂಪನಿಯನ್ನು ಸರಪಳಿಯಿಂದ ಬಿಡಿಸಿದರು. ಸುಮಾರು 300 ಸಣ್ಣ ಬ್ಯಾಂಕುಗಳ ಗಿರಾಕಿಗಳ ಫೋನಿನ ವಹಿವಾಟು ನಿಂತಿತು. ಮಾರನೆಯ ದಿನ ಸರಿಹೋಯಿತು. ದೊಡ್ಡ ಬ್ಯಾಂಕಿನ ಪೇಟೆಯ ಗಿರಾಕಿಗೆ ಇದು ಗೊತ್ತೇ ಆಗಲಿಲ್ಲ. ಪೆಟ್ಟು ಬಿದ್ದದ್ದು ಸಣ್ಣ ಬ್ಯಾಂಕಿನಲ್ಲಿ ಖಾತೆ ಇಟ್ಟವರಿಗೆ. ಅವರು ಯಾರು? ನಮ್ಮಂಥವರೇ.

2025ರ ಮಾರ್ಚ್ 26ರಂದು, ಮತ್ತೆ ಏಪ್ರಿಲ್ 12ರಂದು ನಡುಮನೆಯೇ ತಡವರಿಸಿತು. ಆಗ ದೇಶದ ಎಲ್ಲ ಕಡೆಯೂ ತೊಂದರೆ ಆಯಿತು. ಏಪ್ರಿಲ್ 12ರದ್ದಕ್ಕೆ ಕಾರಣ ಏನು ಗೊತ್ತೆ? ಕೆಲವು ಬ್ಯಾಂಕುಗಳು "ಈ ದುಡ್ಡು ಹೋಯಿತೆ, ಈ ದುಡ್ಡು ಹೋಯಿತೆ" ಅಂತ ಹಳೆಯ ವ್ಯವಹಾರಗಳನ್ನೂ ಬಿಡದೆ ಕೇಳಿ ಕೇಳಿ ನಡುಮನೆಯ ಬಾಗಿಲಲ್ಲಿ ಜಾತ್ರೆ ಮಾಡಿದವು.

ಪೇಟಿಎಂ ಪೇಮೆಂಟ್ಸ್ ಬ್ಯಾಂಕಿನದು ಬೇರೆ ಕಥೆ. ನಿಯಮ ಪಾಲಿಸಲಿಲ್ಲವೆಂದು ರಿಸರ್ವ್ ಬ್ಯಾಂಕು 2024ರ ಜನವರಿ 31ರಂದು ಆದೇಶ ಮಾಡಿ, 2024ರ ಮಾರ್ಚ್ 15ರ ನಂತರ ಅಲ್ಲಿ ಹೊಸ ಹಣ ತುಂಬಬಾರದು ಅಂತ ನಿಲ್ಲಿಸಿತು. ಒಳಗಿದ್ದ ಹಣ ತೆಗೆದುಕೊಳ್ಳಲು ಅಡ್ಡಿ ಮಾಡಲಿಲ್ಲ.

ಇದರಿಂದ ಎರಡು ಪಾಠ. ಒಂದು: ಆಪ್ ನಿಂತಿತು ಅಂದರೆ ದುಡ್ಡು ಹೋಯಿತು ಅಂತ ಅಲ್ಲ, ಗಾಬರಿ ಬೀಳಬೇಡಿ. ಎರಡು: ಎಲ್ಲಿ ನಿಂತಿದೆ ಅಂತ ತಿಳಿಯದೆ ಮುಂದಿನ ಹೆಜ್ಜೆ ಇಡಬೇಡಿ.

ಮೊದಲ ಗಳಿಗೆಯಲ್ಲಿ

ಎಲ್ಲಿ ನಿಂತಿದೆ ಅಂತ ತಿಳಿಯಲು ಇಂಜಿನಿಯರ್ ಬೇಕಾಗಿಲ್ಲ. ಪಕ್ಕದಲ್ಲಿ ನಿಂತವರನ್ನು ಕೇಳಿ. ಊರಿನ ಯಾರ ಫೋನಿನಲ್ಲೂ ನಡೆಯುತ್ತಿಲ್ಲವೆ? ಟವರಿನದ್ದೋ ನಡುಮನೆಯದ್ದೋ ತೊಂದರೆ, ಕಾಯುವುದೊಂದೇ ದಾರಿ. ನಿಮ್ಮ ಬ್ಯಾಂಕಿನವರದ್ದು ಮಾತ್ರ ನಿಂತಿದೆಯೆ? ಬ್ಯಾಂಕಿನ ತೊಂದರೆ, ಶಾಖೆಯಲ್ಲಿ ಕೇಳಿ. ಒಂದೇ ಆಪಿನವರದ್ದು ನಿಂತಿದೆಯೆ? ಇನ್ನೊಂದು ಆಪಿನಿಂದ ಅದೇ ಖಾತೆಯ ದುಡ್ಡು ಕಳಿಸಬಹುದು. ಎಲ್ಲರದ್ದೂ ನಡೆದು ನಿಮ್ಮದೊಂದೇ ನಿಂತಿದೆಯೆ? ಆಗ ನಿಮ್ಮ ಸಿಮ್ಮಿನಲ್ಲೋ ಖಾತೆಯಲ್ಲೋ ಏನೋ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಆ ಗಳಿಗೆಯಲ್ಲಿ ಮಾಡಬಾರದ್ದು ಕೆಲವು ಇವೆ. "ಪೆಂಡಿಂಗ್" ಅಂತ ತೋರಿಸಿದರೆ ಅದೇ ಹಣವನ್ನು ಮತ್ತೆ ಕಳಿಸಬೇಡಿ. ಮೊದಲನೆಯದೂ ಹೋಗಿ ಎರಡನೆಯದೂ ಹೋದರೆ ಅಂಗಡಿಯವನನ್ನು ಬೇಡಿ ವಾಪಸು ಪಡೆಯಬೇಕಾಗುತ್ತದೆ. ಬೇರೆ ದಾರಿಯಿಂದ ಕೊಡಲೇಬೇಕಾದರೆ ಮೊದಲಿನದು ಬಂದರೆ ಹಿಂದಿರುಗಿಸುತ್ತೇನೆ ಅಂತ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಒಂದೇ ಸಮನೆ ಬಾಕಿ ನೋಡುತ್ತ ಕೂರಬೇಡಿ. 2025ರ ಆಗಸ್ಟ್ 1ರಿಂದ ಒಂದು ಆಪಿನಲ್ಲಿ ದಿನಕ್ಕೆ 50 ಸಲಕ್ಕಿಂತ ಹೆಚ್ಚು ಬಾಕಿ ನೋಡಲು ಬಿಡುವುದಿಲ್ಲ. ಆಪನ್ನು ಅಳಿಸಿ ಹೊಸದಾಗಿ ಹಾಕಲು ಹೋಗಬೇಡಿ. ಸರಪಳಿಯೇ ನಿಂತಿರುವಾಗ ಅಳಿಸಿದರೆ ಮತ್ತೆ ಹೂಡುವುದೂ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು: ಸಹಾಯದ ನಂಬರು ಅಂತ ಫೋನಿನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಕರೆ ಮಾಡಬೇಡಿ. ಆಪ್ ನಿಂತ ದಿನವೇ ಕಳ್ಳರಿಗೆ ಸುಗ್ಗಿ. "ನಾವು ಬ್ಯಾಂಕಿನವರು, ಸರಿ ಮಾಡಿಕೊಡ್ತೀವಿ, ಈ ಫೈಲು ಒತ್ತಿ, ಆ ಸಂಖ್ಯೆ ಹೇಳಿ" ಅಂತಾರೆ. ಇಷ್ಟು ನೆನಪಿರಲಿ: ದುಡ್ಡು ಕೊಡಲು ಗುಪ್ತ ಸಂಖ್ಯೆ ಬೇಕು, ದುಡ್ಡು ಪಡೆಯಲು ಬೇಡ. ಹಣ ವಾಪಸು ಬರಬೇಕಾದರೆ ಗುಪ್ತ ಸಂಖ್ಯೆ ಒತ್ತಿ ಅನ್ನುವವನು ಕಳ್ಳ. ಮೋಸ ಆಗಿಹೋಗಿದ್ದರೆ ಒಂದು ಗಳಿಗೆಯೂ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವನು ಹಣ ಎಗರಿಸಿದ್ದರೆ, ಬ್ಯಾಂಕಿನ ಸೂಚನೆ ನಿಮಗೆ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನ ಮೇಲೆ ನಷ್ಟ ಹೊರಿಸಬಾರದು ಅಂತ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲೇ ಹೇಳಿತು. ಗುಪ್ತ ಸಂಖ್ಯೆಯನ್ನು ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅದಕ್ಕೇ ತಡ ಮಾಡಬಾರದು ಅನ್ನುವುದು.

ಇಲ್ಲಿ ಕಳೆಯಿತು, ಅಲ್ಲಿ ಸೇರಲಿಲ್ಲ

ನಮ್ಮವರು ಹೆಚ್ಚು ಸಂಕಟ ಪಡುವುದು ಇದರಲ್ಲಿ. ಖಾತೆಯಲ್ಲಿ ಕಳೆಯಿತು ಅಂತ ಮೆಸೇಜು ಬಂತು. ಅಂಗಡಿಯವನು ಬಂದಿಲ್ಲ ಅಂತಾನೆ. ಬ್ಯಾಂಕಿಗೆ ಹೋದರೆ "ಬರ್ತದೆ ಹೋಗ್ರೀ" ಅಂತಾರೆ. ಯಾವಾಗ ಬರುತ್ತದೆ? ಅದಕ್ಕೆ ಲೆಕ್ಕ ಇದೆ, ಕೇಳಿ.

2019ರ ಸೆಪ್ಟೆಂಬರ್ 20ರಂದು ರಿಸರ್ವ್ ಬ್ಯಾಂಕು ಒಂದು ಸುತ್ತೋಲೆ ಹೊರಡಿಸಿತು. ಅದು ಆ ವರ್ಷ ಅಕ್ಟೋಬರ್ 15ರಿಂದ ಜಾರಿಗೆ ಬಂತು. ಅದರ ಪ್ರಕಾರ ನೀವು ಒಬ್ಬ ವ್ಯಕ್ತಿಯ ಖಾತೆಗೆ ಯುಪಿಐ ಮೂಲಕ ಕಳಿಸಿದ ಹಣ ನಿಮ್ಮಲ್ಲಿ ಕಳೆದು ಅಲ್ಲಿ ಸೇರದಿದ್ದರೆ, ಹೆಚ್ಚೆಂದರೆ ಮಾರನೆಯ ದಿನದೊಳಗೆ ನಿಮಗೆ ವಾಪಸು ಬರಬೇಕು. ಅಂಗಡಿಗೆ ಕೊಟ್ಟ ಹಣವಾದರೆ ಐದು ದಿನದೊಳಗೆ. ಎಟಿಎಂನಲ್ಲಿ ಖಾತೆಯಿಂದ ಕಳೆದು ನೋಟು ಬರದಿದ್ದರೂ ಐದು ದಿನ. ಆ ಗಡುವು ಮೀರಿದರೆ ದಿನವೊಂದಕ್ಕೆ 100 ರೂಪಾಯಿ ಪರಿಹಾರ. ಅದನ್ನು ಗಿರಾಕಿ ಕೇಳಲಿ ಬಿಡಲಿ ಬ್ಯಾಂಕೇ ಖಾತೆಗೆ ಹಾಕಬೇಕು ಅಂತ ಆ ಸುತ್ತೋಲೆಯಲ್ಲಿ ಇದೆ. ಬೆರಳೊತ್ತಿ ಹಣ ಕೊಡುವ ಬ್ಯಾಂಕ್ ಮಿತ್ರನ ಯಂತ್ರದ ವ್ಯವಹಾರಕ್ಕೂ ಇಂಥ ಗಡುವು ಹಾಕಿದ್ದಾರೆ. ನಮ್ಮಲ್ಲಿ ಎಷ್ಟು ಜನಕ್ಕೆ ಈ ನೂರು ರೂಪಾಯಿ ಬಂದಿದೆ? ಕೈ ಎತ್ತಿ ನೋಡೋಣ. ಪಾಸ್‌ಬುಕ್ ತುಂಬಿಸಿ ನೋಡಿದವರೇ ಕಡಿಮೆ.

ಮಾಡಬೇಕಾದದ್ದು ಇಷ್ಟು. ಆಪಿನ ಹಳೆಯ ವ್ಯವಹಾರಗಳ ಪಟ್ಟಿ ತೆಗೆದರೆ ಪ್ರತಿಯೊಂದಕ್ಕೂ 12 ಅಂಕಿಯ ಒಂದು ಸಂಖ್ಯೆ ಇರುತ್ತದೆ. ಅದೇ ನಿಮ್ಮ ರಸೀದಿ ನಂಬರು. ಆ ಸಂಖ್ಯೆ, ದಿನಾಂಕ, ಹೊತ್ತು, ಮೊತ್ತ ಬರೆದುಕೊಳ್ಳಿ. ಆಪಿನಲ್ಲೇ ದೂರು ಹಾಕುವ ಜಾಗ ಇದೆ, ಅಲ್ಲಿ ಮೊದಲು ಹಾಕಿ. ಗಡುವಿನೊಳಗೆ ಬರದಿದ್ದರೆ ನಿಮ್ಮ ಬ್ಯಾಂಕಿನ ಶಾಖೆಗೆ ಅರ್ಜಿ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಎರಡು ಪ್ರತಿ ಮಾಡಿ, ಒಂದಕ್ಕೆ ಮೊಹರು ಹಾಕಿಸಿ ಸಹಿ ಪಡೆಯಿರಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ, ಮೊಹರು ಬಿದ್ದ ದೂರಿಗೆ ಉತ್ತರ ಕೊಡಲೇಬೇಕು. 30 ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ಕಿಟಕಿ ಮಾಡಿದ್ದಾರೆ. ಶುಲ್ಕ ಇಲ್ಲ, ವಕೀಲರು ಬೇಡ. ಹೇಗೆ ಅಂತ ತಿಳಿಯಲು 14448ಕ್ಕೆ ಕರೆ ಮಾಡಬಹುದು. ಡಿಜಿಟಲ್ ಪಾವತಿಯ ಮಾಮೂಲು ಅನುಮಾನಗಳಿಗೆ 14431 ಅನ್ನುವ ಸಹಾಯವಾಣಿ ಬೇರೆ ಇದೆ. ಆದರೆ ಪ್ರಾಥಮಿಕ ಕೃಷಿ ಪತ್ತಿನ ಸೊಸೈಟಿ ರಿಸರ್ವ್ ಬ್ಯಾಂಕಿನ ಹತೋಟಿಯಲ್ಲಿ ಬರುವುದಿಲ್ಲ. ಅದರ ಮೇಲಿನ ದೂರು ಸಹಕಾರ ಇಲಾಖೆಗೇ ಹೋಗಬೇಕು. ಎರಡನ್ನೂ ಕಲಸಬೇಡಿ.

ಮಾರುವಾಗ ಎಚ್ಚರ

ಕೊಡುವಾಗಿನ ತೊಂದರೆ ಒಂದಾದರೆ, ಪಡೆಯುವಾಗಿನ ತೊಂದರೆ ಇನ್ನೊಂದು. ಎತ್ತಿನ ಜಾತ್ರೆಯಲ್ಲಿ, ಹೊಲದ ಬದುವಿನಲ್ಲಿ, ಮಂಡಿಯ ಕಟ್ಟೆಯಲ್ಲಿ ವ್ಯಾಪಾರ ಮುಗಿಯುತ್ತದೆ. ಕೊಂಡವನು ಫೋನು ತೋರಿಸುತ್ತಾನೆ. "ನೋಡಿ ಗೌಡ್ರೆ, ಹಾಕಿದ್ದೀನಿ. ನಿಮ್ಮ ಸರ್ವರ್ ನಿಧಾನ ಅಷ್ಟೇ, ಸಂಜೆಗೆ ಬರ್ತದೆ." ಗಾಡಿ ಹೊರಡುತ್ತದೆ. ಸಂಜೆಗೂ ಇಲ್ಲ, ನಾಳೆಗೂ ಇಲ್ಲ.

ಅವನ ಫೋನಿನ ಚಿತ್ರ ರಸೀದಿಯಲ್ಲ. ಚಿತ್ರ ಬರೆಯಲು ಬರುವವನು ನೋಟಿನ ಚಿತ್ರವನ್ನೂ ಬರೆದಾನು. ಹಣ ಬಂದಿದೆಯೆ ಅನ್ನುವುದಕ್ಕೆ ನಿಮ್ಮ ಖಾತೆಯೇ ಸಾಕ್ಷಿ. ನಿಮ್ಮ ಆಪಿನಲ್ಲಿ ಬಾಕಿ ನೋಡಿ. ಅದು ನಡೆಯದಿದ್ದರೆ ಬ್ಯಾಂಕಿಗೆ ಮಿಸ್ಡ್ ಕಾಲ್ ಕೊಟ್ಟು ಬಾಕಿ ತಿಳಿಯುವ ನಂಬರು ಬಹಳ ಬ್ಯಾಂಕುಗಳಲ್ಲಿ ಇದೆ, ಶಾಖೆಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಹಣ ಖಾತೆಗೆ ಬೀಳುವವರೆಗೆ ಮಾಲು ಗಾಡಿ ಹತ್ತಬಾರದು. ಸಂಕೋಚ ಬೇಡ. ತೂಕದಲ್ಲಿ ಕಾಲು ಕಿಲೋ ಬಿಡದ ವ್ಯಾಪಾರಿಯ ಮುಂದೆ ನಿಮಗೇಕೆ ಸಂಕೋಚ?

ಮಂಡಿಯಲ್ಲಿ ಮಾರಿದರೆ ಪಟ್ಟಿ ಇಲ್ಲದೆ ಹೊರಗೆ ಬರಬೇಡಿ. ಬಿಳಿಚೀಟಿ ಕೊಟ್ಟು ಫೋನಿಗೆ ಹಾಕ್ತೀನಿ ಅಂದರೆ ಒಪ್ಪಬೇಡಿ. ನಾಳೆ ಹಣ ಕಡಿಮೆ ಬಿದ್ದರೆ ಎಷ್ಟು ಬರಬೇಕಿತ್ತು ಅಂತ ತೋರಿಸಲು ನಿಮ್ಮಲ್ಲಿ ಏನಿದೆ? ಪಟ್ಟಿಯಲ್ಲಿ ತೂಕ, ದರ, ಹಮಾಲಿ, ಒಟ್ಟು ಮೊತ್ತ ಇರಬೇಕು. ಹಣ ಬಂದ ಮೇಲೆ ಅದರ 12 ಅಂಕಿಯ ಸಂಖ್ಯೆಯನ್ನು ಪಟ್ಟಿಯ ಹಿಂದೆ ನೀವೇ ಬರೆದಿಡಿ.

ಈ ಪಟ್ಟಿಗೆ ಇನ್ನೊಂದು ಉಪಯೋಗವೂ ಇದೆ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳವರಿಗೆ ಯುಪಿಐ ಲೆಕ್ಕದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸು ಬಂದವು. ಎಷ್ಟೋ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಅಂತ ಬೋರ್ಡು ಬಿದ್ದವು. ಅದನ್ನು ಕೇಳಿ ನಮ್ಮ ರೈತರೂ ಹೆದರಿದರು. ಹೆದರಬೇಕಾಗಿಲ್ಲ. ಸ್ವಂತ ಬೇಸಾಯದ ಬೆಳೆ ಮಾರುವ ರೈತ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ ಅಂತ ಕಾಯ್ದೆಯ 23ನೇ ಕಲಮಿನಲ್ಲೇ ಇದೆ. ಆದರೆ ನಾಳೆ ಯಾರಾದರೂ ಕೇಳಿದರೆ ಇದು ಬೆಳೆಯ ಹಣ ಅಂತ ತೋರಿಸಲು ಪಟ್ಟಿ ಬೇಕು, ಪಹಣಿ ಬೇಕು.

ಒಂದು ದಿನದ ಬೆಲೆ

ಈಗ ಸಾಲದ ಮಾತಿಗೆ ಬರೋಣ. ಇಲ್ಲಿ ಆಪ್ ನಿಂತರೆ ಆಗುವ ನಷ್ಟ ಬಹಳ ದೊಡ್ಡದು.

ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲಕ್ಕೆ ಬಡ್ಡಿ ನೂರಕ್ಕೆ 7. ವಾಯಿದೆಯೊಳಗೆ ಕಟ್ಟಿದವನಿಗೆ ನೂರಕ್ಕೆ 3 ರಿಯಾಯಿತಿ. ಉಳಿಯುವುದು 4. ವರ್ಷಕ್ಕೆ 1 ಲಕ್ಷ ಸಾಲ ತೆಗೆದವನು ವಾಯಿದೆಯೊಳಗೆ ಕಟ್ಟಿದರೆ ಬಡ್ಡಿ 4,000 ರೂಪಾಯಿ. ವಾಯಿದೆ ತಪ್ಪಿದರೆ 7,000. ರಾಜ್ಯದ ಸಹಕಾರ ಸಂಘಗಳಲ್ಲಿ ವಾಯಿದೆಯೊಳಗೆ ಕಟ್ಟಿದವರಿಗೆ ಬಡ್ಡಿಯೇ ಇಲ್ಲ. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಅಲ್ಲಿಯೂ ಶರತ್ತು ಅದೇ. ವಾಯಿದೆ ಮೀರಿದರೆ ನೀವು ಸುಸ್ತಿದಾರರು.

ವಾಯಿದೆಯ ಕೊನೆಯ ದಿನ ಫೋನಿನಿಂದ ಕಟ್ಟಲು ಹೋದಿರಿ. ಸರಪಳಿ ನಿಂತಿತು. ನಿಮ್ಮ ಖಾತೆಯಿಂದ ಹಣ ಕಳೆಯಿತು, ಸಾಲದ ಖಾತೆಗೆ ಸೇರಲಿಲ್ಲ. ಒಂದು ದಿನ ತಡವಾಯಿತು. ಬ್ಯಾಂಕಿನ ತಪ್ಪಿನಿಂದ ಒಂದು ದಿನ ತಡವಾದರೆ ನಿಮಗೆ ಸಿಗುವ ಪರಿಹಾರ 100 ರೂಪಾಯಿ, ಅದೂ ಗಡುವು ಮೀರಿದ ಮೇಲೆ. ಅದೇ ಒಂದು ದಿನದ ತಡಕ್ಕೆ ರೈತ ಕಳೆದುಕೊಳ್ಳುವುದು ಲಕ್ಷಕ್ಕೆ 3,000 ರೂಪಾಯಿ. 3 ಲಕ್ಷ ಸಾಲವಿದ್ದರೆ 9,000 ರೂಪಾಯಿ. ಅವರ ಒಂದು ದಿನಕ್ಕೆ ನೂರು, ನಮ್ಮ ಒಂದು ದಿನಕ್ಕೆ ಒಂಬತ್ತು ಸಾವಿರ! ಈ ತಕ್ಕಡಿ ಸರಿಯೇ? ನೀವೇ ಹೇಳಿ.

ತಕ್ಕಡಿ ಸರಿಹೋಗುವವರೆಗೆ ನಾವು ಎಚ್ಚರವಾಗಿರಬೇಕು. ವಾಯಿದೆಯ ತಾರೀಖನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಣ ಕೈಯಲ್ಲಿದ್ದರೆ ಹತ್ತು ದಿನ ಮುಂಚೆಯೇ ಕಟ್ಟಿ. ಮಾರ್ಚ್ 31ನ್ನು ನಂಬಬೇಡಿ, ಅವತ್ತು ಎಲ್ಲ ಬ್ಯಾಂಕಿನಲ್ಲೂ ನೂಕುನುಗ್ಗಲು. ಸಾಲದ ಕಂತನ್ನು ಆದಷ್ಟು ಶಾಖೆಯಲ್ಲೋ ಸೊಸೈಟಿಯಲ್ಲೋ ಕಟ್ಟಿ ಮೊಹರು ಬಿದ್ದ ರಸೀದಿ ಪಡೆಯಿರಿ. ನೋಟು ತಂದಿದ್ದೇನೆ ಅನ್ನಲು ನಾಚಿಕೆ ಬೇಡ, 1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಮಿನ ಪ್ರಕಾರ ಅದು ದೇಶದ ಕಾನೂನುಬದ್ಧ ಹಣ. ಕೊನೆಯ ದಿನವೇ ಫೋನು ನಿಂತರೆ ಮನೆಯಲ್ಲಿ ಕೂರಬೇಡಿ. ಅವತ್ತೇ ಶಾಖೆಗೆ ಹೋಗಿ, ಇಷ್ಟು ಹೊತ್ತಿಗೆ ಇಷ್ಟು ಹಣ ಕಳಿಸಿದೆ, ಈ ಸಂಖ್ಯೆ, ವಾಯಿದೆಯೊಳಗೆ ಕಟ್ಟಿದ್ದೆಂದು ಎಣಿಸಿ ರಿಯಾಯಿತಿ ಕೊಡಿ ಅಂತ ಅರ್ಜಿ ಕೊಟ್ಟು ಮೊಹರು ಹಾಕಿಸಿ. ಆ ಒಂದು ಕಾಗದ ಇದ್ದರೆ ಮುಂದೆ ವಾದ ಮಾಡಲು ಕಾಲೂರುವ ನೆಲ ಇರುತ್ತದೆ.

ನಿಮ್ಮದೊಂದೇ ನಿಂತಿದ್ದರೆ

ಎಲ್ಲರ ಫೋನು ನಡೆದು ನಿಮ್ಮದೊಂದೇ ನಿಂತಿದ್ದರೆ ಕಾರಣ ಹುಡುಕಿ. ಸಿಮ್ಮಿಗೆ ದುಡ್ಡು ಹಾಕದೆ ಬಿಟ್ಟಿರಾ? 90 ದಿನ ಬಳಕೆ ಇಲ್ಲದಿದ್ದರೆ ಕಂಪನಿಯವರು ನಂಬರು ನಿಲ್ಲಿಸಬಹುದು, ಆಮೇಲೆ ಅದು ಇನ್ನೊಬ್ಬನ ಪಾಲಾಗುತ್ತದೆ. ಖಾತೆಗೆ ಜೋಡಿಸಿದ ನಂಬರು ಬದಲಾದರೆ ಮೊದಲು ಬ್ಯಾಂಕಿನಲ್ಲಿ ಬದಲಾಯಿಸಿ. ಎರಡು ವರ್ಷ ಖಾತೆಯಲ್ಲಿ ನೀವು ಯಾವ ವ್ಯವಹಾರವನ್ನೂ ಮಾಡದಿದ್ದರೆ ಅದು ನಿಷ್ಕ್ರಿಯ ಆಗುತ್ತದೆ. ಮತ್ತೆ ನಡೆಸಲು ಶುಲ್ಕ ಕೀಳಬಾರದು ಅಂತ 2024ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೇಳಿತು. ಕೆವೈಸಿ ಹಳೆಯದಾಗಿದ್ದರೆ ಶಾಖೆಗೆ ಹೋಗಿ ಹೊಸದು ಮಾಡಿಸಿ. ವಿಳಾಸ ವಿವರ ಯಾವುದೂ ಬದಲಾಗಿಲ್ಲದಿದ್ದರೆ ನಿಮ್ಮ ಸಹಿಯ ಘೋಷಣೆ ಸಾಕು.

ಇನ್ನೆರಡು ಕಾರಣಗಳಿವೆ, ಇವು ಗಂಭೀರ. ಒಂದು, ಪೊಲೀಸರ ತಡೆ. ನಿಮಗೆ ಹಣ ಹಾಕಿದವನ ಕೈಗೆ ಆ ಹಣ ಮೋಸದಿಂದ ಬಂದಿದ್ದರೆ, ಯಾವುದೋ ಊರಿನ ಸೈಬರ್ ಠಾಣೆಯವರು ನಿಮ್ಮ ಖಾತೆಗೂ ತಡೆ ಹಾಕಿಸಬಹುದು. ನೀವು ಮಾಡಿದ್ದು ಟೊಮೇಟೊ ಮಾರಿದ್ದು ಅಷ್ಟೇ. ಬ್ಯಾಂಕಿನಲ್ಲಿ ಯಾವ ಠಾಣೆ, ಯಾವ ದೂರಿನ ಸಂಖ್ಯೆ, ಎಷ್ಟು ಮೊತ್ತಕ್ಕೆ ತಡೆ ಅಂತ ಬರೆದು ಕೊಡಲು ಕೇಳಿ. ಆ ಠಾಣೆಗೆ ಪಟ್ಟಿಯ ಪ್ರತಿ ಕಳಿಸಿ. ತಕರಾರಿನ ಮೊತ್ತಕ್ಕೆ ಮಾತ್ರ ತಡೆ ಇರಲಿ, ಉಳಿದ ಹಣ ಬಿಡಿ ಅಂತ ಅರ್ಜಿ ಹಾಕಿ.

ಎರಡನೆಯದು, ಬ್ಯಾಂಕೇ ಹಾಕುವ ತಡೆ. ಸಾಲ ಸುಸ್ತಿ ಆಗಿದೆ ಅಂತ ಉಳಿತಾಯ ಖಾತೆಯ ಹಣವನ್ನು ಹಿಡಿದುಕೊಳ್ಳುವುದು. ಹಾಲಿನ ದುಡ್ಡು, ಬೆಳೆ ಪರಿಹಾರದ ದುಡ್ಡು, ಮುದುಕಿಯ ಪಿಂಚಣಿ, ಏನು ಬಂದರೂ ಹಿಡಿತ. ರೈತ ಆಪ್ ಕೆಟ್ಟಿದೆ ಅಂದುಕೊಂಡು ಫೋನಿನ ಅಂಗಡಿಗೆ ಅಲೆಯುತ್ತಾನೆ.

ಬಂಧುಗಳೆ, ಇದಕ್ಕೆ ಹಳೆಯ ಹೆಸರು ಜಪ್ತಿ. 1980ರಲ್ಲಿ ರೈತ ಸಂಘ ಕಟ್ಟಿದ ಕಾಲದಲ್ಲಿ ಜಪ್ತಿಗೆ ಅಧಿಕಾರಿ ನಮ್ಮ ಬಾಗಿಲಿಗೆ ಬರಬೇಕಾಗಿತ್ತು. ಪಾತ್ರೆ, ಬಾಗಿಲು, ಪಂಪ್‌ಸೆಟ್ಟು ಎತ್ತಬೇಕಾಗಿತ್ತು. ಊರು ನೋಡುತ್ತಿತ್ತು, ಊರು ಕೇಳುತ್ತಿತ್ತು. ಅಪ್ಪಣೆ ಇಲ್ಲದೆ ಒಳಗೆ ಬರಬೇಡಿ ಅಂತ ಊರ ಬಾಗಿಲಿಗೆ ಬೋರ್ಡು ಹಾಕಿದೆವು. ಈಗ ಯಾರೂ ಬರುವುದಿಲ್ಲ. ಎಲ್ಲೋ ಕೂತವನು ಒಂದು ಗುಂಡಿ ಒತ್ತಿದರೆ ಆಯಿತು. ಊರಿಗೆ ಗೊತ್ತಾಗುವುದಿಲ್ಲ, ಹೆಂಡತಿಗೂ ಗೊತ್ತಾಗುವುದಿಲ್ಲ. ರೈತ ಒಬ್ಬನೇ ಕೂತು ಫೋನು ನೋಡುತ್ತಾನೆ. ಈ ಒಂಟಿತನ ಅಪಾಯದ್ದು. ಆದ್ದರಿಂದ ತಡೆ ಬಿದ್ದ ರೈತ ಒಬ್ಬನೇ ಬ್ಯಾಂಕಿಗೆ ಹೋಗಬಾರದು. ನಾಲ್ಕು ಜನ ಹೋಗಿ, ಯಾವ ಆದೇಶದ ಮೇಲೆ, ಯಾವ ದಿನ, ಎಷ್ಟು ಮೊತ್ತಕ್ಕೆ ತಡೆ ಹಾಕಿದಿರಿ, ನಮಗೆ ನೋಟೀಸು ಎಲ್ಲಿ ಅಂತ ಲಿಖಿತವಾಗಿ ಕೇಳಿ. ಪರಿಹಾರದ ಹಣ, ಪಿಂಚಣಿಯ ಹಣ ಸಾಲಕ್ಕೆ ಹಿಡಿದಿದ್ದರೆ ತಹಸೀಲ್ದಾರರಿಗೂ ಜಿಲ್ಲಾಧಿಕಾರಿಗೂ ಪ್ರತಿ ಕಳಿಸಿ.

ಮನೆಯಲ್ಲಿ ಇರಬೇಕಾದದ್ದು, ನಾವು ಕೇಳಬೇಕಾದದ್ದು

ಬಿತ್ತನೆ ಬೀಜವನ್ನು ಒಂದೇ ಗುಡಾಣದಲ್ಲಿ ಇಡುವವನು ಜಾಣನಲ್ಲ. ಹಾಗೆಯೇ ಎರಡು ಬ್ಯಾಂಕಿನಲ್ಲಿ ಖಾತೆ ಇರಲಿ, ಒಂದು ಸಹಕಾರಿ ಬ್ಯಾಂಕಿನದಾದರೆ ಇನ್ನೊಂದು ರಾಷ್ಟ್ರೀಕೃತ ಬ್ಯಾಂಕಿನದು. ಒಂದು ವಾರದ ಮನೆಖರ್ಚು ಮತ್ತು ಕೂಲಿಯಷ್ಟು ನೋಟು ಮನೆಯಲ್ಲಿರಲಿ. ಚೆಕ್ಕಿನ ಪುಸ್ತಕ ಇರಲಿ. ತಿಂಗಳಿಗೊಮ್ಮೆ ಪಾಸ್‌ಬುಕ್ ತುಂಬಿಸಿ. ಖಾತೆ ಸಂಖ್ಯೆ, ಶಾಖೆಯ ನಂಬರು, 1930, 14448 ಇವನ್ನು ಪುಸ್ತಕದಲ್ಲಿ ಬರೆದಿಡಿ. ಫೋನು ಕೆಟ್ಟ ದಿನ ಫೋನಿನೊಳಗಿನ ನಂಬರು ಯಾವ ಪ್ರಯೋಜನ? ಇಂಟರ್ನೆಟ್ ಇಲ್ಲದ ಗುಂಡಿ ಫೋನಿನಿಂದಲೂ ಸ್ಟಾರ್ 99 ಹ್ಯಾಷ್ ಒತ್ತಿ ಬಾಕಿ ನೋಡಬಹುದು, ಸಣ್ಣ ಮೊತ್ತ ಕಳಿಸಬಹುದು. ಟವರಿನ ಇಂಟರ್ನೆಟ್ ಮಾತ್ರ ಹೋದಾಗ ಇದು ಉಪಯೋಗಕ್ಕೆ ಬರುತ್ತದೆ, ಬ್ಯಾಂಕೇ ನಿಂತಾಗ ಇದೂ ನಿಲ್ಲುತ್ತದೆ. ಬಿಡುವಿನ ದಿನವೇ ಕಲಿತಿಡಿ. ಮನೆಯ ಹೆಂಗಸರಿಗೂ ಈ ಲೆಕ್ಕವೆಲ್ಲ ಗೊತ್ತಿರಲಿ.

ಇಷ್ಟು ನಮ್ಮ ಎಚ್ಚರ. ಆದರೆ ಎಲ್ಲ ಎಚ್ಚರವೂ ರೈತನದೇ ಆಗಬೇಕೆ? ಸರಕಾರವನ್ನೂ ಬ್ಯಾಂಕುಗಳನ್ನೂ ನಾವು ನಾಲ್ಕು ಮಾತು ಕೇಳಬೇಕು. ಒಂದು, ಪಾವತಿ ವ್ಯವಸ್ಥೆ ನಿಂತ ದಿನ ಸಾಲದ ವಾಯಿದೆಯ ದಿನವಾಗಿದ್ದರೆ ವಾಯಿದೆ ತಾನಾಗಿಯೇ ಮೂರು ದಿನ ಮುಂದಕ್ಕೆ ಹೋಗಬೇಕು, ರಿಯಾಯಿತಿ ತಪ್ಪಬಾರದು. ಎರಡು, ತಡೆ ಹಾಕುವ ಮೊದಲು ಕನ್ನಡದಲ್ಲಿ ಲಿಖಿತ ನೋಟೀಸು ಕೊಡಬೇಕು. ಮೂರು, ನಿಂತ ದಿನ, ನಿಂತ ಹೊತ್ತು, ಕಾರಣ ಇವನ್ನು ಬ್ಯಾಂಕು ಶಾಖೆಯ ಬೋರ್ಡಿನ ಮೇಲೆ ಬರೆಯಬೇಕು, ಅದೇ ರೈತನಿಗೆ ಸಾಕ್ಷಿ. ನಾಲ್ಕು, ಫೋನು ಬಂತು ಅಂತ ಹಳ್ಳಿಯ ಶಾಖೆಯ ನಗದು ಕಿಟಕಿ ಮುಚ್ಚಬಾರದು.

ಇವು ಭಿಕ್ಷೆಯ ಮಾತುಗಳಲ್ಲ. ನಮ್ಮ ಬೆವರಿನ ದುಡ್ಡು ನಮ್ಮ ಕೈಗೆ ಹೊತ್ತಿಗೆ ಸರಿಯಾಗಿ ಬರಲಿ ಅನ್ನುವ ಮಾತು. ಈ ತಿಂಗಳು ನಿಮ್ಮ ಊರಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ಯಾರ ಯಾರ ಹಣ ಎಲ್ಲಿ ನಿಂತಿದೆ, ಎಷ್ಟು ದಿನವಾಯಿತು, ನೂರು ರೂಪಾಯಿ ಪರಿಹಾರ ಬಂತೆ, ಯಾರ ಖಾತೆಗೆ ತಡೆ ಬಿದ್ದಿದೆ ಅಂತ ಒಂದು ಪಟ್ಟಿ ಮಾಡಿ. ಒಬ್ಬನ ಅರ್ಜಿಯನ್ನು ಮ್ಯಾನೇಜರು ಮೇಜಿನ ಮೇಲೆ ಇಟ್ಟು ಮರೆಯಬಹುದು. ಇಡೀ ಊರಿನ ಪಟ್ಟಿಯನ್ನು ಮರೆಯಲಾರ.